ದೊಡ್ಡ ಕರುಳಿನ ಸಣ್ಣ ಪಾಲಿಪ್ ತೆಗೆಸುವುದು: ಯಾವ ವಿಧಾನ, ಏನು ತಯಾರಿ, ಯಾವಾಗ ಎಚ್ಚರ

ಬಳ್ಳಾರಿ, ರಾಯಚೂರು, ಕೊಪ್ಪಳ ಕಡೆಯ ಓದುಗರು ಈ ವಿಷಯದಲ್ಲಿ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ಕೊಲೊನೋಸ್ಕೋಪಿ ಮಾಡಿದರು, ಕರುಳಲ್ಲಿ ಗಂಟು ಇತ್ತಂತೆ, ತೆಗೆದರಂತೆ. ಈಗೇನು ಮಾಡಬೇಕು?" ಕೊಲೊನೋಸ್ಕೋಪಿ ಅಂದರೆ ಗುದದ ಮೂಲಕ ಕ್ಯಾಮೆರಾ ಇರುವ ಕೊಳವೆ ಹಾಕಿ ದೊಡ್ಡ ಕರುಳಿನ ಒಳಗೆ ನೋಡುವುದು. ಕರುಳಿನ ಒಳಗೋಡೆಯಲ್ಲಿ ಬೆಳೆದ ಆ ಗಂಟೇ ಪಾಲಿಪ್. ಗಂಟು ಎಷ್ಟು ದೊಡ್ಡದಿತ್ತು ಅಂದರೆ ಗೊತ್ತಿಲ್ಲ. ಹೇಗೆ ತೆಗೆದರು ಅಂದರೆ ಗೊತ್ತಿಲ್ಲ. ಬಯಾಪ್ಸಿ ರಿಪೋರ್ಟ್ (ತೆಗೆದ ತುಂಡನ್ನು ಲ್ಯಾಬಿನಲ್ಲಿ ಪರೀಕ್ಷಿಸಿದ ವರದಿ) ಎಲ್ಲಿ ಅಂದರೆ ತರಲು ಹೋಗೇ ಇಲ್ಲ. ಇನ್ನು ಕೆಲವರದು ಅಲ್ಲಿಯತನಕವೂ ಬಂದಿರುವುದಿಲ್ಲ. ಹೊಟ್ಟೆ ಸರಿಯಾಗಿ ಕ್ಲೀನ್ ಆಗಿಲ್ಲ ಎಂದು ಟೇಬಲ್ ಮೇಲಿಂದಲೇ ವಾಪಸ್ ಕಳಿಸಿರುತ್ತಾರೆ.

ಪಾಲಿಪ್ ಕತ್ತರಿಸುವ ಕೈಚಳಕ ಡಾಕ್ಟರದು. ಅದಕ್ಕಿಂತ ಮುಂಚಿನ ತಯಾರಿ, ಆಮೇಲಿನ ಎಚ್ಚರ, ರಿಪೋರ್ಟ್ ತಂದು ಮುಂದಿನ ತಾರೀಕು ಗುರುತು ಹಾಕಿಕೊಳ್ಳುವುದು ನಿಮ್ಮದು. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಬಹಳ ಸಲ ಪಾಲಿಪ್ ಕಂಡ ಕೂಡಲೇ, ಅದೇ ಹೊತ್ತಿಗೆ ತೆಗೆದುಬಿಡುತ್ತಾರೆ. ಆಗ ನೀವು ಮಂಪರಿನಲ್ಲಿರುತ್ತೀರಿ. ಹಾಗಾಗಿ ವಿಧಾನದ ಬಗ್ಗೆ ಕೇಳುವುದೆಲ್ಲ ಮೊದಲೇ ಆಗಬೇಕು.

ಹಂತ 1: ಗಾತ್ರ, ಆಕಾರ ಅರ್ಥ ಮಾಡಿಕೊಳ್ಳಿ

ಯಾವ ವಿಧಾನ ಅನ್ನುವುದನ್ನು ಮುಖ್ಯವಾಗಿ ನಿರ್ಧರಿಸುವುದು ಇವೆರಡೇ. 5 ಮಿ.ಮೀ. ಒಳಗಿನದು ಅತಿ ಸಣ್ಣ ಪಾಲಿಪ್. 6ರಿಂದ 9 ಮಿ.ಮೀ. ಇದ್ದರೆ ಸಣ್ಣದು. 10 ಮಿ.ಮೀ. ದಾಟಿದರೆ ಲೆಕ್ಕವೇ ಬೇರೆ. ಅಂದಾಜಿಗೆ ಹೇಳುವುದಾದರೆ ಎಳ್ಳು, ತೊಗರಿಬೇಳೆ, ದಪ್ಪ ಶೇಂಗಾ ಬೀಜ, ಈ ಮೂರು ಗಾತ್ರ ಕಣ್ಣ ಮುಂದೆ ಇಟ್ಟುಕೊಳ್ಳಿ. ಎಳ್ಳು, ತೊಗರಿಬೇಳೆಯಷ್ಟಿದ್ದರೆ ಈ ಬರಹ ನಿಮಗೇ. ಶೇಂಗಾ ಬೀಜ ಮೀರಿದ್ದರೆ ಇಲ್ಲಿರುವ ಕೆಲವು ಮಾತು ನಿಮಗೆ ಹೊಂದುವುದಿಲ್ಲ.

ಆಕಾರ ಅಂದರೆ ಪಾಲಿಪ್ ಕರುಳಿನ ಗೋಡೆಗೆ ಅಂಟಿಕೊಂಡು ಕೂತಿದೆಯೋ, ತೊಟ್ಟಿನ ಮೇಲೆ ನಿಂತಿದೆಯೋ, ಚಪ್ಪಟೆ ಇದೆಯೋ ಅನ್ನುವುದು. ನಡುವೆ ಒಳಕ್ಕೆ ಕುಸಿದ ಹಾಗೆ ಇದ್ದರೆ ಅದು ಬೇರೆಯೇ ವಿಷಯ. ಗಾತ್ರ ಸಣ್ಣದಿದ್ದರೂ ಅಂಥದ್ದನ್ನು ಸುಮ್ನೆ ಕತ್ತರಿಸಿ ಬಿಡುವಂತಿಲ್ಲ, ಒಳಗೆ ಕ್ಯಾನ್ಸರ್ ಇರುವ ಅನುಮಾನ ಜಾಸ್ತಿ.

ಹಂತ 2: ವಿಧಾನಗಳನ್ನು ಹೋಲಿಸಿ ನೋಡಿ

ಕೋಲ್ಡ್ ಸ್ನೇರ್. ಸ್ನೇರ್ ಅಂದರೆ ತೆಳು ತಂತಿಯ ಕುಣಿಕೆ. ಕರೆಂಟ್ ಇಲ್ಲದೆ, ಬರೀ ತಂತಿಯಿಂದಲೇ ಕತ್ತರಿಸುವುದು ಕೋಲ್ಡ್ ಸ್ನೇರ್. 9 ಮಿ.ಮೀ.ವರೆಗಿನ, ಗೋಡೆಗೆ ಅಂಟಿ ಕೂತ ಪಾಲಿಪ್‌ಗೆ ಇವತ್ತು ಮೊದಲ ಆಯ್ಕೆ ಇದೇ. ಯುರೋಪಿನ ಎಂಡೋಸ್ಕೋಪಿ ಸಂಘದ 2017ರ ಮಾರ್ಗಸೂಚಿಯೂ ಅಮೆರಿಕದ ತಜ್ಞರ 2020ರ ಮಾರ್ಗಸೂಚಿಯೂ ಇದನ್ನೇ ಹೇಳುತ್ತವೆ.

ಮಾಡುವ ಬಗೆ ಹೀಗೆ. ಡಾಕ್ಟರು ಮೊದಲು ಕೊಲೊನೋಸ್ಕೋಪನ್ನು ತಿರುಗಿಸಿ ಪಾಲಿಪ್ ಪರದೆಯ ಕೆಳಭಾಗಕ್ಕೆ, ಗಡಿಯಾರದಲ್ಲಿ 5-6 ಗಂಟೆ ಇರುವ ಜಾಗಕ್ಕೆ ಬರುವಂತೆ ಮಾಡಿಕೊಳ್ಳುತ್ತಾರೆ. ಸಲಕರಣೆ ಹೊರಬರುವ ತೂತು ಆ ಕಡೆ ಇರುತ್ತದೆ. ಕುಣಿಕೆಯನ್ನು ಬಿಡಿಸಿ, ಪಾಲಿಪ್ ಜೊತೆ ಸುತ್ತಲಿನ ಒಳ್ಳೆಯ ಭಾಗವೂ 1-2 ಮಿ.ಮೀ. ಒಳಗೆ ಬರುವಂತೆ ಕೂರಿಸುತ್ತಾರೆ. ಒಳಗಿನ ಗಾಳಿ ಸ್ವಲ್ಪ ಹೀರಿ, ಕುಣಿಕೆಯ ಕೊಳವೆಯನ್ನು ಗೋಡೆಗೆ ಒತ್ತಿ ಹಿಡಿದು, ನಿಧಾನಕ್ಕೆ ಬಿಗಿಯುತ್ತಾರೆ. ತುಂಡು ಕಳಚಿಕೊಳ್ಳುತ್ತದೆ. ಆಮೇಲೆ ಕತ್ತರಿಸಿದ ಜಾಗಕ್ಕೆ ಜೋರಾಗಿ ನೀರು ಬಿಡುತ್ತಾರೆ. ನೀರಿಗೆ ಜಾಗ ಉಬ್ಬಿಕೊಳ್ಳುತ್ತದೆ, ಅಂಚಿನಲ್ಲಿ ಪಾಲಿಪ್ ಉಳಿದಿದ್ದರೆ ಆಗ ಕಾಣುತ್ತದೆ. ಒಂದೆರಡು ನಿಮಿಷ ರಕ್ತ ಜಿನುಗುತ್ತದೆ, ತಾನಾಗಿ ನಿಲ್ಲುತ್ತದೆ. ಮಾನಿಟರ್ ನೋಡುತ್ತಾ ನಿಂತ ಮನೆಯವರು ಇದನ್ನು ಕಂಡು ಗಾಬರಿಯಾಗುತ್ತಾರೆ. ಅಷ್ಟು ಜಿನುಗುವುದು ಈ ವಿಧಾನದಲ್ಲಿ ಮಾಮೂಲು.

ಹಾಟ್ ಸ್ನೇರ್. ಅದೇ ಕುಣಿಕೆ, ಆದರೆ ತಂತಿಗೆ ಕರೆಂಟ್ ಕೊಟ್ಟು ಸುಡುತ್ತಾ ಕತ್ತರಿಸುತ್ತಾರೆ. ಟೇಬಲ್ ಮೇಲೆ ರಕ್ತ ಕಡಿಮೆ ಕಾಣುತ್ತದೆ. ತೊಡಕು ಬರುವುದು ಆಮೇಲೆ. ಶಾಖ ಗೋಡೆಯ ಆಳಕ್ಕೆ, ದೊಡ್ಡ ರಕ್ತನಾಳಗಳ ತನಕ ಇಳಿಯುತ್ತದೆ. ಸುಟ್ಟ ಜಾಗದ ಹಕ್ಕಳೆ ಕೆಲವು ದಿನ ಬಿಟ್ಟು ಉದುರುತ್ತದೆ, ಆಗ ರಕ್ತ ಬರಬಹುದು. ಬಲಭಾಗದ ಕರುಳಿನ ಗೋಡೆ ತೆಳು, ಅಲ್ಲಿ ತೂತು ಬೀಳುವ ಭಯವೂ ಇದೆ.

2023ರಲ್ಲಿ ಪ್ರಕಟವಾದ ತೈವಾನಿನ ಅಧ್ಯಯನ ಎರಡನ್ನೂ ನೇರವಾಗಿ ಹೋಲಿಸಿತು. 4ರಿಂದ 10 ಮಿ.ಮೀ. ಪಾಲಿಪ್ ಇದ್ದ 4,270 ಜನರನ್ನು ಎರಡು ಗುಂಪು ಮಾಡಿದರು. ಕೋಲ್ಡ್ ಸ್ನೇರ್ ಗುಂಪಿನಲ್ಲಿ 8 ಜನರಿಗೆ, ಹಾಟ್ ಸ್ನೇರ್ ಗುಂಪಿನಲ್ಲಿ 31 ಜನರಿಗೆ ಆಮೇಲೆ ರಕ್ತಸ್ರಾವ ಆಯಿತು. ಜೋರು ರಕ್ತಸ್ರಾವ 1 ಮತ್ತು 8. ಪಾಲಿಪ್ ತೆಗೆಯಲು ಬೇಕಾದ ಸಮಯವೂ ಕೋಲ್ಡ್ ಸ್ನೇರ್‌ನಲ್ಲಿ ಕಡಿಮೆ, ಸರಾಸರಿ 119 ಸೆಕೆಂಡ್. ಹಾಟ್ ಸ್ನೇರ್‌ನಲ್ಲಿ ಸುಮಾರು 163.

ಹಾಗಾದರೆ ಕರೆಂಟ್ ಇಲ್ಲದೆ ತೆಗೆದರೆ ಬೇರು ಉಳಿಯುವುದಿಲ್ಲವೇ? ಇದು ಎಲ್ಲರೂ ಕೇಳುವ ಪ್ರಶ್ನೆ. ಜಪಾನಿನವರು 4ರಿಂದ 9 ಮಿ.ಮೀ. ಪಾಲಿಪ್‌ಗಳಲ್ಲಿ ಇದನ್ನೇ ಪರೀಕ್ಷಿಸಿ 2018ರಲ್ಲಿ ಪ್ರಕಟಿಸಿದರು. ಪೂರ್ತಿ ಹೊರಬಂದದ್ದು ಕೋಲ್ಡ್‌ನಲ್ಲಿ ಶೇ. 98.2, ಹಾಟ್‌ನಲ್ಲಿ ಶೇ. 97.4. ಅಂದರೆ ಸುಟ್ಟಿದ್ದರಿಂದ ಹೆಚ್ಚೇನೂ ಸಿಗಲಿಲ್ಲ. ಸುತ್ತಲಿನ ಒಳ್ಳೆಯ ಅಂಚನ್ನೂ ಸೇರಿಸಿ ಕತ್ತರಿಸಿದರೋ ಇಲ್ಲವೋ ಅನ್ನುವುದೇ ಇಲ್ಲಿ ಮುಖ್ಯ.

ಹಾಗಂತ ಹಾಟ್ ಸ್ನೇರ್ ಕೆಟ್ಟದ್ದು ಅನ್ನಬೇಡಿ. ದಪ್ಪ ತೊಟ್ಟಿನ ಪಾಲಿಪ್‌ಗೆ ಅದೇ ಬೇಕು. ತೊಟ್ಟಿನೊಳಗೆ ರಕ್ತನಾಳ ಇರುತ್ತದೆ, ಕತ್ತರಿಸುವಾಗಲೇ ಅದನ್ನು ಮುಚ್ಚಬೇಕಾಗುತ್ತದೆ.

ಕೋಲ್ಡ್ ಫೋರ್ಸೆಪ್ಸ್. ಸಣ್ಣ ಚಿಮಟದ ಬಾಯಿಂದ ಕಚ್ಚಿ ಕಿತ್ತು ತೆಗೆಯುವುದು. ಸುಲಭ ಅನ್ನಿಸುತ್ತದೆ, ಆದರೆ ಒಂದೇ ಕಚ್ಚಿಗೆ ಪೂರ್ತಿ ಬರದಿದ್ದರೆ ಜಾಗ ರಕ್ತದಿಂದ ಮಸುಕಾಗಿ, ಉಳಿದದ್ದು ಕಾಣುವುದಿಲ್ಲ. ಆದ್ದರಿಂದ 1ರಿಂದ 3 ಮಿ.ಮೀ. ಇರುವ, ಸ್ನೇರ್ ಕೂರಿಸಲು ಆಗದ ಪಾಲಿಪ್‌ಗೆ ಮಾತ್ರ ಇದು ಸರಿ. 6 ಮಿ.ಮೀ. ಪಾಲಿಪನ್ನು ಫೋರ್ಸೆಪ್ಸ್‌ನಿಂದ ತುಂಡುತುಂಡಾಗಿ ತೆಗೆದಿದ್ದಾರೆ ಎಂದು ರಿಪೋರ್ಟಿನಲ್ಲಿ ಇದ್ದರೆ "ಪೂರ್ತಿ ಬಂದಿದೆಯಾ?" ಎಂದು ಖಂಡಿತ ಕೇಳಿ.

ಹಾಟ್ ಬಯಾಪ್ಸಿ ಫೋರ್ಸೆಪ್ಸ್. ಚಿಮಟಕ್ಕೆ ಕರೆಂಟ್ ಕೊಟ್ಟು ತೆಗೆಯುವುದು. ಪೂರ್ತಿ ತೆಗೆಯುವುದರಲ್ಲೂ ಸೋಲುತ್ತದೆ, ಬಯಾಪ್ಸಿ ತುಂಡನ್ನೂ ಸುಟ್ಟು ಕೆಡಿಸುತ್ತದೆ, ಗೋಡೆಗೂ ಅಪಾಯ. ಮೇಲಿನ ಎರಡೂ ಮಾರ್ಗಸೂಚಿಗಳು ಬೇಡ ಅನ್ನುತ್ತವೆ.

ಇಎಂಆರ್. ಪಾಲಿಪ್ ಕೆಳಗೆ ನೀಲಿ ಬಣ್ಣ ಬೆರೆಸಿದ ಸಲೈನ್ ಚುಚ್ಚಿ, ಉಬ್ಬಿಸಿ, ಆಮೇಲೆ ಕತ್ತರಿಸುವುದು. ಇದು ಸಾಮಾನ್ಯವಾಗಿ 10 ಮಿ.ಮೀ. ಮೇಲಿನ ಚಪ್ಪಟೆ ಪಾಲಿಪ್‌ಗೆ. 5 ಮಿ.ಮೀ. ಪಾಲಿಪ್‌ಗೆ ಇಎಂಆರ್ ಖರ್ಚು ಹೇಳಿದರೆ ಕಾರಣ ಕೇಳುವುದರಲ್ಲಿ ತಪ್ಪಿಲ್ಲ.

ಹಂತ 3: ಮಾತ್ರೆಗಳ ಪಟ್ಟಿ, ಒಂದು ವಾರಕ್ಕಿಂತ ಮೊದಲೇ

ಇಲ್ಲಿ ಆಗುವ ತಪ್ಪು ದುಬಾರಿ. ಬೆಂಗಳೂರು, ಹೈದರಾಬಾದ್, ಕಲಬುರಗಿಯಲ್ಲಿ ಸ್ಟೆಂಟ್ ಹಾಕಿಸಿಕೊಂಡು ಬಂದವರು ನಮ್ಮಲ್ಲಿ ಬಹಳ ಇದ್ದಾರೆ. ಪಕ್ಕದ ಮನೆಯವರು "ರಕ್ತ ತೆಳು ಮಾಡೋ ಮಾತ್ರೆ ಬಿಟ್ಟುಬಿಡು" ಅಂದರೆಂದು ತಾವೇ ನಿಲ್ಲಿಸುತ್ತಾರೆ. ಸ್ಟೆಂಟ್ ಕಟ್ಟಿಕೊಂಡರೆ ಹೃದಯಾಘಾತವೇ ಆಗಬಹುದು. ಆಸ್ಪಿರಿನ್ ಅನ್ನು ಸಾಮಾನ್ಯವಾಗಿ ನಿಲ್ಲಿಸಲು ಹೇಳುವುದೇ ಇಲ್ಲ. ಕ್ಲೋಪಿಡೋಗ್ರೆಲ್, ವಾರ್ಫರಿನ್, ಅಪಿಕ್ಸಾಬಾನ್ ಥರದ ಮಾತ್ರೆಗಳನ್ನು ನಿಲ್ಲಿಸಬೇಕೋ, ಎಷ್ಟು ದಿನ ಮೊದಲು ಅನ್ನುವುದನ್ನು ಹೃದಯದ ಡಾಕ್ಟರು ಮತ್ತು ಎಂಡೋಸ್ಕೋಪಿ ಡಾಕ್ಟರು ಇಬ್ಬರೂ ಸೇರಿ ಹೇಳಬೇಕು. ಚೀಟಿಯಲ್ಲಿ ಬರೆಸಿಕೊಳ್ಳಿ. ಮತ್ತೆ ಯಾವ ದಿನ ಶುರು ಮಾಡಬೇಕು ಅನ್ನುವುದೂ ಅದೇ ಚೀಟಿಯಲ್ಲಿ ಇರಲಿ. ನಿಲ್ಲಿಸಿದ ಮಾತ್ರೆಯನ್ನು ಮತ್ತೆ ಶುರು ಮಾಡಲು ಮರೆಯುವವರು ಕಡಿಮೆ ಇಲ್ಲ.

ಕಬ್ಬಿಣಾಂಶದ ಮಾತ್ರೆಯನ್ನು 5-7 ದಿನ ಮೊದಲೇ ನಿಲ್ಲಿಸಲು ಹೇಳುತ್ತಾರೆ. ಅದು ಮಲವನ್ನು ಕಪ್ಪಗೆ, ಅಂಟಾಗಿ ಮಾಡಿ ಕರುಳಿನ ಗೋಡೆಗೆ ಬಳಿದುಕೊಳ್ಳುತ್ತದೆ. ಶುಗರ್ ಇರುವವರು ಇನ್ಸುಲಿನ್, ಮಾತ್ರೆ ಎಷ್ಟು ಎಂದು ಕೇಳಲೇಬೇಕು. ಉಪವಾಸದ ಹೊಟ್ಟೆಗೆ ಮಾಮೂಲು ಡೋಸ್ ಬಿದ್ದರೆ ಶುಗರ್ ಕುಸಿಯುತ್ತದೆ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ತೆಗೆದುಕೊಳ್ಳುವವರು ಇನ್ನೂ ಮೊದಲೇ ಕೇಳಬೇಕು, ಅವನ್ನು ಕೆಲವು ದಿನ ಮುಂಚೆಯೇ ನಿಲ್ಲಿಸುವುದು ರೂಢಿ.

ಪೇಸ್‌ಮೇಕರ್ ಇದ್ದರೆ, ಕಿಡ್ನಿ ಅಥವಾ ಹೃದಯ ದುರ್ಬಲವಾಗಿದ್ದರೆ ಕೇಳುವ ತನಕ ಕಾಯದೆ ನೀವೇ ಹೇಳಿ.

ಹಂತ 4: ಆಸ್ಪತ್ರೆಯಲ್ಲಿ ಇಷ್ಟು ಕೇಳಿ

ಬಳ್ಳಾರಿಯಲ್ಲಿ ಜನ ಈಗಲೂ ವಿಮ್ಸ್ ಎಂದೇ ಕರೆಯುವ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಇರಲಿ, ರಾಯಚೂರಿನ ರಿಮ್ಸ್, ಕೊಪ್ಪಳದ ಕಿಮ್ಸ್ ಇರಲಿ, ಖಾಸಗಿ ನರ್ಸಿಂಗ್ ಹೋಮ್ ಇರಲಿ, ಕೊಲೊನೋಸ್ಕೋಪಿ ಯಾವ ದಿನ ಇರುತ್ತದೆ, ಪಾಲಿಪ್ ತೆಗೆಯುವ ವ್ಯವಸ್ಥೆ ಅಲ್ಲೇ ಇದೆಯಾ ಎಂದು ಮೊದಲು ವಿಚಾರಿಸಿ. ಕೊಲೊನೋಸ್ಕೋಪಿ ಬರೀ ನೋಡಲು ಮಾಡಿ, ತೆಗೆಸಲು ಬೇರೆ ಊರಿಗೆ ಕಳಿಸಿದರೆ ಹೊಟ್ಟೆ ಕ್ಲೀನ್ ಮಾಡುವ ಪೌಡರ್ ಎಲ್ಲ ಮತ್ತೆ ಕುಡಿಯಬೇಕಾಗುತ್ತದೆ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಕಾರ್ಡ್ ಇದ್ದವರು ಆಸ್ಪತ್ರೆಯ ಆರೋಗ್ಯ ಮಿತ್ರರ ಹತ್ತಿರ ರೆಫರಲ್ ಬೇಕಾ ಎಂದು ಮುಂಚೆಯೇ ಕೇಳಿ. ಆಮೇಲೆ ಓಡಾಡಿದರೆ ಪ್ರಯೋಜನ ಇಲ್ಲ.

ಡಾಕ್ಟರ ಹತ್ತಿರ ಮಾತಾಡಲು ಹಿಂಜರಿಕೆ ಇದ್ದರೆ ಇಷ್ಟೇ ಸಾಕು. "ಡಾಕ್ಟರೇ, ಸಣ್ಣ ಗಂಟು ಸಿಕ್ಕರೆ ಅವತ್ತೇ ತೆಗೀತೀರಾ? ಕರೆಂಟ್ ಹಚ್ಚಿ ತೆಗೀತೀರೋ, ಹಾಗೇ ಕತ್ತರಿಸ್ತೀರೋ? ರಕ್ತ ನಿಲ್ಲದಿದ್ದರೆ ಹಾಕೋ ಕ್ಲಿಪ್ ಇಲ್ಲೇ ಇರುತ್ತಾ?" ಕ್ಲಿಪ್, ರಕ್ತ ನಿಲ್ಲಿಸುವ ಇಂಜೆಕ್ಷನ್ ಇವು ಕೋಣೆಯಲ್ಲೇ ಇರಬೇಕಾದವು. ಇದನ್ನು ಕೇಳಿದ್ದಕ್ಕೆ ಒಳ್ಳೆಯ ಡಾಕ್ಟರು ಬೇಜಾರು ಮಾಡಿಕೊಳ್ಳುವುದಿಲ್ಲ.

ಹಂತ 5: ಹೊಟ್ಟೆ ಕ್ಲೀನ್ ಮಾಡುವುದು

ಅತಿ ಹೆಚ್ಚು ಜನ ಸೋಲುವುದು ಇಲ್ಲಿಯೇ. 3 ಮಿ.ಮೀ. ಪಾಲಿಪ್ ಮೇಲೆ ಒಂದು ಚೂರು ಮಲ ಕೂತರೆ ಅದು ಕಾಣುವುದೇ ಇಲ್ಲ. ಕರೆಂಟ್ ಬಳಸುವಾಗಲಂತೂ ಕೊಳೆ ಉಳಿದ ಕರುಳಿನಲ್ಲಿ ಹೈಡ್ರೋಜನ್, ಮೀಥೇನ್ ಥರದ ಉರಿಯುವ ಅನಿಲ ಇರಬಹುದು. ಮ್ಯಾನಿಟಾಲ್ ಕುಡಿಸಿ ಕ್ಲೀನ್ ಮಾಡಿದರೆ ಈ ಅನಿಲ ಜಾಸ್ತಿ. ಹಾಗಾಗಿ ಯಾವ ಔಷಧ ಕುಡಿಯುತ್ತಿದ್ದೀರಿ ಅಂತ ತಿಳಿದಿರಲಿ. ಈಗ ಹೆಚ್ಚಾಗಿ ಕೊಡುವುದು ಪಾಲಿಎಥಿಲಿನ್ ಗ್ಲೈಕಾಲ್ ಪೌಡರ್.

ಹಿಂದಿನ ದಿನದ ಊಟದಲ್ಲಿ ನಾರು, ಬೀಜ, ಸಿಪ್ಪೆ ಇರಬಾರದು. ನಮ್ಮ ಕಡೆ ಇದೇ ಕಷ್ಟ, ಯಾಕಂದರೆ ದಿನದ ಊಟವೇ ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಅಗಸಿ ಹಿಂಡಿ. "ರೊಟ್ಟಿ ತಿಂದಿಲ್ಲ, ಬರೀ ಅನ್ನಕ್ಕೆ ಸ್ವಲ್ಪ ಹಿಂಡಿ ಹಚ್ಚಿಕೊಂಡೆ" ಅನ್ನುತ್ತಾರೆ. ಆ ಗುರೆಳ್ಳು, ಅಗಸಿ ಚೂರುಗಳೇ ಸ್ಕೋಪಿನ ಹೀರುವ ಕೊಳವೆಗೆ ಸಿಕ್ಕಿಕೊಳ್ಳುವುದು. ದಾಳಿಂಬೆ, ಪೇರಲ, ಟೊಮೇಟೊ, ಬದನೆ, ಬೆಂಡೆ, ಸೊಪ್ಪು ಯಾವುದೂ ಬೇಡ. ಬಿಳಿ ಅಕ್ಕಿಯ ಅನ್ನ ಮೊಸರು, ಇಡ್ಲಿ, ತೆಳ್ಳನೆ ಗಂಜಿ, ಮೈದಾ ಬ್ರೆಡ್ ನಡೆಯುತ್ತದೆ. ಎಷ್ಟು ಹೊತ್ತಿನ ತನಕ ತಿನ್ನಬಹುದು ಅನ್ನುವುದು ಆಸ್ಪತ್ರೆ ಹೇಳಿದಂತೆ. ಅದಾದ ಮೇಲೆ ತಿಳಿ ನೀರಿನಂಥವು ಮಾತ್ರ: ಎಳನೀರು, ಸೋಸಿದ ನಿಂಬೆ ಪಾನಕ, ಹಾಲಿಲ್ಲದ ಚಹಾ. ಕೆಂಪು, ನೇರಳೆ ಬಣ್ಣದ ಶರಬತ್ತು ಬೇಡ, ಒಳಗೆ ರಕ್ತದ ಹಾಗೆ ಕಾಣುತ್ತದೆ.

ಪೌಡರನ್ನು ಎರಡು ಸಲ ಹಂಚಿ ಕುಡಿಯುವುದು ಒಳ್ಳೆಯ ಪದ್ಧತಿ. ಅರ್ಧ ಹಿಂದಿನ ಸಂಜೆ, ಇನ್ನರ್ಧ ಪರೀಕ್ಷೆಗೆ 4-6 ಗಂಟೆ ಮೊದಲು ಶುರು ಮಾಡಿ, ಕಡೇಪಕ್ಷ 2 ಗಂಟೆ ಮೊದಲು ಮುಗಿಸಿಬಿಡಬೇಕು. ಒಟ್ಟು 2 ಲೀಟರ್ ಅಥವಾ 4 ಲೀಟರ್, ಡಾಕ್ಟರು ಬರೆದಷ್ಟು. 10-15 ನಿಮಿಷಕ್ಕೆ ಒಂದು ಲೋಟ. ತಣ್ಣಗೆ ಮಾಡಿದರೆ ಕುಡಿಯಲು ಸುಲಭ. ಸಕ್ಕರೆ, ಹಾಲು ಬೆರೆಸಬೇಡಿ. ಮೊದಲ ಬಾರಿ ಸಂಡಾಸ್‌ಗೆ ಹೋಗಿ ಬಂದ ಕೂಡಲೇ "ಕ್ಲೀನ್ ಆಯ್ತು" ಎಂದು ಉಳಿದದ್ದನ್ನು ಚೆಲ್ಲುವವರಿದ್ದಾರೆ. ಕೊನೆಯ ಲೋಟದ ತನಕ ಕುಡಿಯಬೇಕು. ತಿಳಿ ಹಳದಿ ನೀರು ಹೋದರೆ ತಯಾರಾದಿರಿ. ಇನ್ನೂ ಕಂದು ನೀರು, ಚೂರು ಬರುತ್ತಿದ್ದರೆ ಹೊರಡುವ ಮುಂಚೆ ಆಸ್ಪತ್ರೆಗೆ ಫೋನ್ ಮಾಡಿ.

ಇದರಲ್ಲಿ ಬಸ್ಸಿನ ಪ್ರಶ್ನೆ ಯಾವ ಚೀಟಿಯಲ್ಲೂ ಇರುವುದಿಲ್ಲ. ಸಿಂಧನೂರು, ಲಿಂಗಸುಗೂರಿನಿಂದ ರಾಯಚೂರಿಗೆ, ಕುಷ್ಟಗಿಯಿಂದ ಕೊಪ್ಪಳಕ್ಕೆ, ಸಿರುಗುಪ್ಪದಿಂದ ಬಳ್ಳಾರಿಗೆ ಬರುವವರು ಎರಡನೇ ಅರ್ಧ ಕುಡಿದು ಬಸ್ ಹತ್ತಲು ಆಗುತ್ತಾ? ಆಗುವುದಿಲ್ಲ ಎಂದೇ ಬಿಟ್ಟುಬಿಡುತ್ತಾರೆ, ಹೊಟ್ಟೆ ಅರ್ಧಂಬರ್ಧ ಕ್ಲೀನ್ ಆಗಿರುತ್ತದೆ. ಹಿಂದಿನ ರಾತ್ರಿಯೇ ಊರಿಗೆ ಬಂದು ನೆಂಟರ ಮನೆಯಲ್ಲೋ ಲಾಡ್ಜ್‌ನಲ್ಲೋ ಉಳಿಯಿರಿ. ಆಗದಿದ್ದರೆ ಮಧ್ಯಾಹ್ನದ ಹೊತ್ತು ಕೊಡಲು ಕೇಳಿ, ಬೆಳಗಿನ ಜಾವ ಕುಡಿದು ಮುಗಿಸಿ, ಭೇದಿ ನಿಂತ ಮೇಲೆ ಹೊರಡಬಹುದು. ಬೇಸಿಗೆಯಲ್ಲಿ ನಮ್ಮ ಬಿಸಿಲು ಗೊತ್ತಲ್ವಾ? ಅನುಮತಿ ಇರುವ ಹೊತ್ತಿನ ತನಕ ಒಆರ್‌ಎಸ್, ಎಳನೀರು ಕುಡಿಯುತ್ತಿರಿ. ಕಿಡ್ನಿ ತೊಂದರೆ ಇದ್ದವರು ಎಳನೀರಿನ ಬಗ್ಗೆಯೂ ಕೇಳಿಕೊಳ್ಳಿ. ತಲೆ ಸುತ್ತಿದರೆ ಒಬ್ಬರೇ ಸಂಡಾಸ್‌ಗೆ ಹೋಗಬೇಡಿ.

ಹಂತ 6: ಪರೀಕ್ಷೆಯ ದಿನ

ಜೊತೆಗೆ ಒಬ್ಬರು ಇರಲೇಬೇಕು. ಮಂಪರಿನ ಇಂಜೆಕ್ಷನ್ ಆದ ಮೇಲೆ 24 ಗಂಟೆ ಗಾಡಿ ಓಡಿಸುವಂತಿಲ್ಲ, ಕಾಗದಕ್ಕೆ ಸಹಿ ಹಾಕುವಂತಿಲ್ಲ. ಕರೆಂಟ್ ಬಳಸುವ ಸಾಧ್ಯತೆ ಇದ್ದರೆ ಲೋಹದ ಒಡವೆ ತೆಗೆಯಲು ಹೇಳುತ್ತಾರೆ. ಕಾಲುಂಗುರ ಬಿಗಿಯಾಗಿದ್ದರೆ ಮನೆಯಲ್ಲೇ ಸಡಿಲಿಸಿಕೊಂಡು ಬನ್ನಿ.

ಜೊತೆಗೆ ಬಂದವರಿಗೆ ಒಂದು ದೊಡ್ಡ ಕೆಲಸ ಇದೆ. ತೆಗೆದ ಪಾಲಿಪನ್ನು ಎಷ್ಟೋ ಕಡೆ ಮನೆಯವರ ಕೈಗೇ ಕೊಟ್ಟು ಲ್ಯಾಬಿಗೆ ಕಳಿಸುತ್ತಾರೆ. ಬಾಟಲಿಯ ಮೇಲೆ ರೋಗಿಯ ಹೆಸರು, ತಾರೀಕು, ಕರುಳಿನ ಯಾವ ಭಾಗ ಅನ್ನುವುದು ಬರೆದಿದೆಯಾ ನೋಡಿ. ಒಳಗಿರುವುದು ಫಾರ್ಮಲಿನ್ ಅಂತ ಖಚಿತ ಮಾಡಿಕೊಳ್ಳಿ, ಬರೀ ನೀರಲ್ಲಿ ತುಂಡು ಕೊಳೆತು ಹಾಳಾಗುತ್ತದೆ. ಬೇರೆ ಬೇರೆ ಭಾಗದ ಪಾಲಿಪ್‌ಗಳು ಬೇರೆ ಬೇರೆ ಬಾಟಲಿಯಲ್ಲಿ ಇರಬೇಕು. ಮುಚ್ಚಳ ಬಿಗಿ ಮಾಡಿ ಅವತ್ತೇ ತಲುಪಿಸಿ, ರಶೀದಿ ತೆಗೆದುಕೊಳ್ಳಿ. ತೊಗರಿಬೇಳೆಯಷ್ಟೂ ಇಲ್ಲದ ಆ ತುಂಡು ಕಳೆದರೆ ಅದು ಏನಾಗಿತ್ತು ಅನ್ನುವುದು ಯಾವತ್ತೂ ಗೊತ್ತಾಗುವುದಿಲ್ಲ.

ಹೊರಡುವ ಮುನ್ನ ರಿಪೋರ್ಟಿನಲ್ಲಿ ಸೀಕಮ್ (ದೊಡ್ಡ ಕರುಳು ಶುರುವಾಗುವ ತುದಿ) ತನಕ ಹೋದರೋ, ಹೊಟ್ಟೆ ಎಷ್ಟು ಕ್ಲೀನ್ ಇತ್ತು, ಪಾಲಿಪ್ ಎಷ್ಟು, ಎಲ್ಲೆಲ್ಲಿ, ಎಷ್ಟು ಮಿ.ಮೀ., ಯಾವ ವಿಧಾನ, ಪೂರ್ತಿ ಬಂತೋ ಎಂದು ನೋಡಿ. ಕ್ಲೀನ್ ಇದ್ದದ್ದನ್ನು ಬಾಸ್ಟನ್ ಸ್ಕೋರ್ ಎಂದು ಬರೆಯುತ್ತಾರೆ. ಕರುಳಿನ ಮೂರು ಭಾಗಕ್ಕೂ 0ರಿಂದ 3 ಅಂಕ. ಪ್ರತಿ ಭಾಗಕ್ಕೂ 2 ಅಥವಾ ಮೇಲಿದ್ದರೆ ಸಾಕಷ್ಟು ಕ್ಲೀನ್ ಇತ್ತು ಅಂತ ಅರ್ಥ. ಅದಕ್ಕಿಂತ ಕಡಿಮೆ ಇದ್ದರೆ "ಮತ್ತೆ ಯಾವಾಗ ನೋಡಬೇಕು?" ಎಂದು ಅಲ್ಲೇ ಕೇಳಿ.

ಹಂತ 7: ಮನೆಗೆ ಬಂದ ಮೇಲೆ

ಅವತ್ತು ಗ್ಯಾಸ್, ಹೊಟ್ಟೆ ಉಬ್ಬರ ಇರುತ್ತದೆ. ಒಂದೆರಡು ದಿನ ಮಲದ ಜೊತೆ ರಕ್ತದ ಗೆರೆ ಕಂಡರೆ ಹೆದರಬೇಡಿ. ಕೋಲ್ಡ್ ಸ್ನೇರ್ ಆದವರು ಸಾಮಾನ್ಯವಾಗಿ ಮಾರನೇ ದಿನದಿಂದ ಮಾಮೂಲು ಊಟ, ಕೆಲಸಕ್ಕೆ ಮರಳಬಹುದು. ಹಾಟ್ ಸ್ನೇರ್ ಆದವರು ಒಂದೆರಡು ವಾರ ಭತ್ತ, ಹತ್ತಿಯ ಚೀಲ ಹೊರುವುದು, ದೂರದ ಪ್ರಯಾಣ ಬಿಡುವುದು ಒಳ್ಳೆಯದು. ರಕ್ತಸ್ರಾವ ಎರಡು ವಾರದ ತನಕವೂ ಆಗಬಹುದು. ನೀವು ಹೋಗುವ ಕಡೆ ಎಂಡೋಸ್ಕೋಪಿ ಇರುವ ಆಸ್ಪತ್ರೆ ಇರುತ್ತೆ ಅಂತ ಹೇಳಲಾಗುವುದಿಲ್ಲ. ಮದುವೆ, ಜಾತ್ರೆಯ ತಾರೀಕು ನೋಡಿಕೊಂಡೇ ಪರೀಕ್ಷೆಯ ದಿನ ಗೊತ್ತು ಮಾಡಿ.

ಇವು ಕಂಡರೆ ಬೆಳಗಾಗಲಿ ಎಂದು ಕಾಯಬೇಡಿ:
- ಗಟ್ಟಿ ರಕ್ತದ ಉಂಡೆ, ಮತ್ತೆ ಮತ್ತೆ ಬರೀ ರಕ್ತ, ಅಥವಾ ಡಾಂಬರಿನ ಬಣ್ಣದ ಮಲ
- ತಲೆಸುತ್ತು, ಬೆವರು, ಎದೆ ಹೊಡೆದುಕೊಳ್ಳುವುದು
- ಹೆಚ್ಚುತ್ತಲೇ ಹೋಗುವ ಹೊಟ್ಟೆನೋವು, ಹೊಟ್ಟೆ ಗಟ್ಟಿಯಾಗುವುದು
- ಜ್ವರ, ಚಳಿ, ನಿಲ್ಲದ ವಾಂತಿ

108ಕ್ಕೆ ಕರೆ ಮಾಡಿ, ರಿಪೋರ್ಟ್ ಜೊತೆಗಿರಲಿ. "ಇಂಥ ದಿನ ಪಾಲಿಪ್ ತೆಗೆದಿದ್ದಾರೆ" ಎಂದು ಮೊದಲ ಮಾತಿಗೇ ಹೇಳಿ. ಹಾಟ್ ಸ್ನೇರ್ ಆದ ಕೆಲವರಿಗೆ ತೂತು ಬೀಳದೆಯೂ ಸುಟ್ಟ ಗಾಯದಿಂದಲೇ ಜ್ವರ, ಹೊಟ್ಟೆನೋವು ಬರುತ್ತದೆ, ಆದರೆ ಯಾವುದು ಯಾವುದೆಂದು ಮನೆಯಲ್ಲಿ ಕೂತು ತಿಳಿಯುವುದಿಲ್ಲ. ರಕ್ತ ಬಂದಾಗ ಮೂಲವ್ಯಾಧಿ ಇರಬೇಕು ಎಂದು ಬಸ್‌ಸ್ಟ್ಯಾಂಡ್ ಹತ್ತಿರದ ಬೋರ್ಡ್ ನೋಡಿ ಹೋಗಬೇಡಿ, ದಯವಿಟ್ಟು.

ಹಂತ 8: ಬಯಾಪ್ಸಿ ರಿಪೋರ್ಟ್ ಮತ್ತು ಮುಂದಿನ ತಾರೀಕು

ರಿಪೋರ್ಟ್ ಯಾವಾಗ ಸಿಗುತ್ತದೆ ಎಂದು ಲ್ಯಾಬಿನಲ್ಲಿ ಕೇಳಿಕೊಂಡು ಆ ದಿನವೇ ತನ್ನಿ. ಹೈಪರ್‌ಪ್ಲಾಸ್ಟಿಕ್ ಎಂದಿದ್ದು, ಗುದದ ಹತ್ತಿರದ ಸಣ್ಣ ಪಾಲಿಪ್ ಆಗಿದ್ದರೆ ಚಿಂತೆ ಇಲ್ಲ. ಅಡಿನೋಮ ಎಂದಿದ್ದರೆ ಅದು ಮುಂದೆ ಕ್ಯಾನ್ಸರ್ ಆಗಬಹುದಾದ ಜಾತಿ. ಕ್ಯಾನ್ಸರ್ ಆಗುವ ಮುಂಚೆಯೇ ತೆಗೆದಾಗಿದೆ. "ಲೋ ಗ್ರೇಡ್ ಡಿಸ್‌ಪ್ಲಾಸಿಯಾ" ಎಂಬ ಸಾಲು ಸಾಮಾನ್ಯ, ಜೀವಕೋಶಗಳ ಬದಲಾವಣೆ ಕಡಿಮೆ ಮಟ್ಟದ್ದು ಎಂದರ್ಥ. "ಹೈ ಗ್ರೇಡ್" ಇದ್ದರೆ, ಸೆಸೈಲ್ ಸೆರೇಟೆಡ್ (ಇದೂ ಮುಂದೆ ಕ್ಯಾನ್ಸರ್ ಆಗಬಹುದಾದ ಇನ್ನೊಂದು ಜಾತಿ) ಎಂದಿದ್ದರೆ, ಅಂಚು ಸ್ಪಷ್ಟವಿಲ್ಲ ಎಂದಿದ್ದರೆ ಡಾಕ್ಟರ ಹತ್ತಿರ ಕೂತು ಮಾತಾಡಿ.

ಮುಂದಿನ ಕೊಲೊನೋಸ್ಕೋಪಿ ಯಾವಾಗ ಅನ್ನುವುದು ಇದನ್ನೇ ಅವಲಂಬಿಸಿದೆ. ಅಮೆರಿಕದ 2020ರ ಲೆಕ್ಕದಲ್ಲಿ 10 ಮಿ.ಮೀ. ಒಳಗಿನ ಒಂದೆರಡು ಅಡಿನೋಮ ಇದ್ದರೆ 7ರಿಂದ 10 ವರ್ಷ, 3-4 ಇದ್ದರೆ 3ರಿಂದ 5 ವರ್ಷ, 5ರಿಂದ 10 ಇದ್ದರೆ 3 ವರ್ಷ. ಹೈ ಗ್ರೇಡ್ ಇದ್ದರೂ 3 ವರ್ಷ. ಯುರೋಪಿನವರು ಲೋ ಗ್ರೇಡ್‌ನ 1ರಿಂದ 4 ಸಣ್ಣ ಅಡಿನೋಮಕ್ಕೆ ವಿಶೇಷ ನಿಗಾ ಬೇಡ ಅನ್ನುತ್ತಾರೆ. ಇವೆಲ್ಲ ಹೊಟ್ಟೆ ಚೆನ್ನಾಗಿ ಕ್ಲೀನ್ ಇದ್ದು, ಪೂರ್ತಿ ನೋಡಿ, ಪೂರ್ತಿ ತೆಗೆದಿದ್ದರೆ ಮಾತ್ರ. ಒಂದು ಸಣ್ಣ ಅಡಿನೋಮಕ್ಕೆ ಪ್ರತಿ ವರ್ಷ ಬನ್ನಿ ಎಂದರೆ ಕಾರಣ ಕೇಳಿ. 7 ವರ್ಷ ಅಂದರೆ ಮರೆತುಬಿಡಿ ಅಂತಲೂ ಅಲ್ಲ. ಕೊಲೊನೋಸ್ಕೋಪಿ, ಬಯಾಪ್ಸಿ ಎರಡೂ ರಿಪೋರ್ಟಿನ ಫೋಟೊ ತೆಗೆದು ಮಕ್ಕಳ ಫೋನಿಗೂ ಕಳಿಸಿಡಿ. ನಡುವೆ ರಕ್ತ ಕಂಡರೆ, ಕಾರಣವಿಲ್ಲದೆ ರಕ್ತಹೀನತೆ, ತೂಕ ಇಳಿಕೆ ಆದರೆ ಆ ತಾರೀಕಿಗೆ ಕಾಯಬೇಡಿ.

ಒಂದು ಸಣ್ಣ ಅಡಿನೋಮ ಸಿಕ್ಕಿದ್ದಕ್ಕೆ ಮನೆಮಂದಿಯೆಲ್ಲ ಪರೀಕ್ಷೆಗೆ ಓಡಬೇಕಿಲ್ಲ. ಅಪ್ಪ, ಅಮ್ಮ, ಅಣ್ಣತಮ್ಮ, ಅಕ್ಕತಂಗಿ, ಮಕ್ಕಳಲ್ಲಿ ಯಾರಿಗಾದರೂ ದೊಡ್ಡ ಕರುಳಿನ ಕ್ಯಾನ್ಸರ್ ಅಥವಾ 10 ಮಿ.ಮೀ. ಅಥವಾ ಅದಕ್ಕಿಂತ ದೊಡ್ಡ, ಇಲ್ಲವೇ ಹೈ ಗ್ರೇಡ್ ಅಡಿನೋಮ ಆಗಿದ್ದರೆ ಉಳಿದವರು 40ನೇ ವಯಸ್ಸಿಗೆ, ಇಲ್ಲವೇ ಅವರಿಗೆ ಕಾಯಿಲೆ ಗೊತ್ತಾದ ವಯಸ್ಸಿಗಿಂತ 10 ವರ್ಷ ಮೊದಲು, ಯಾವುದು ಮುಂಚೆ ಬರುತ್ತದೋ ಆಗ ಡಾಕ್ಟರನ್ನು ಕಾಣಬೇಕು.